ರಾಯವ್ವನ ಮುಯ್ಯಿ, ಕಂಪನಿಯ ಪಾಲಿಸಿ

ನಲವತ್ತನೇ ವಯಸ್ಸಿಗೆ ರಿಟೈರ್ ಆಗಬೇಕು ಅನ್ನುವುದು ದುರ್ಗೇಶನ ಯೋಜನೆ. ಸದ್ಯಕ್ಕೆ ಅವನು ಪ್ರತಿ ತಿಂಗಳ ಹದಿನಾಲ್ಕನೇ ತಾರೀಖಿಗೇ ರಿಟೈರ್ ಆಗುತ್ತಿದ್ದ. ಅಲ್ಲಿಂದ ಮುಂದಿನ ಪಗಾರದವರೆಗೆ ಪಿಂಚಣಿ ಇಲ್ಲದ ಬಾಳು. ಮೂಡಲಗಿಯ ಒಂದು ಪತ್ತಿನ ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ಆಪರೇಟರ್. ಪಗಾರ ಹದಿನೇಳು ಸಾವಿರದ ಇನ್ನೂರು. ಅದರಲ್ಲಿ ಬೈಕಿನ ಕಂತು, ಆ ಬೈಕಿನಿಂದ ಬಿದ್ದು ಒಡೆದ ಫೋನಿನ ಬದಲು ತಂದ ಹೊಸ ಫೋನಿನ ಕಂತು. ಹೋದ ಫೆಬ್ರುವರಿಯಲ್ಲಿ ಸಂಘದವರು ಅವನನ್ನು ಬೆಳಗಾವಿಗೆ ಎರಡು ದಿನದ ಹಣಕಾಸು ಯೋಜನೆಯ ತರಬೇತಿಗೆ ಕಳಿಸಿದರು. ಒಂದು ಪ್ರಮಾಣಪತ್ರ, ಒಂದು ಸ್ಟೀಲಿನ ನೀರಿನ ಬಾಟಲಿ ತಗೊಂಡು ತಿರುಗಿ ಬಂದವನು ಕಂಡಕಂಡವರ ಮುಪ್ಪಿನ ಚಿಂತೆ ಮಾಡತೊಡಗಿದ. ತನ್ನದೊಂದನ್ನು ಬಿಟ್ಟು.

ಕೈಗೆ ಮೊದಲು ಸಿಕ್ಕವಳು ದೊಡ್ಡವ್ವ ರಾಯವ್ವ.

ರಾಯವ್ವ ಅವನ ತಾಯಿಯ ಅಕ್ಕ. ಗಂಡ ವೀರಪ್ಪ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನೂಲಿನ ಖಾತೆಯಲ್ಲಿದ್ದ. ಮದುವೆಯಾದ ಒಂಬತ್ತನೇ ವರ್ಷ ಕಾಮಣಿ ರೋಗವಾಗಿ ತೀರಿಕೊಂಡ. ಮಕ್ಕಳಿರಲಿಲ್ಲ. ಅಂದಿನಿಂದ ಇಪ್ಪತ್ತಾರು ವರ್ಷ ರಾಯವ್ವ ಗೋಕಾಕದ ಒಂದು ಖಾಸಗಿ ದವಾಖಾನೆಯಲ್ಲಿ ಆಯಾ. ಅಲ್ಲಿ ಅವಳನ್ನು ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಡಾಕ್ಟರರಿಂದ ಹಿಡಿದು ಹೆರಿಗೆಗೆ ಬಂದ ಹುಡುಗಿಯವರೆಗೆ ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಫಾಲ್ಸಿನ ಮನೆಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೋಗಿ ಸಂಜೆ ಏಳರ ಬಸ್ಸಿಗೆ ಬರುವವಳು. ದುರ್ಗೇಶ ಗೋಕಾಕದಲ್ಲಿ ಕಾಲೇಜು ಓದಲು ಹುಕ್ಕೇರಿ ಕಡೆಯ ಹಳ್ಳಿಯಿಂದ ಬಂದು ಅವಳ ಮನೆಯಲ್ಲಿ ಉಳಿದವನು, ಡಿಗ್ರಿ ಮುಗಿದು ಏಳು ವರ್ಷವಾದರೂ ಎದ್ದು ಹೋಗಿರಲಿಲ್ಲ. ರೊಟ್ಟಿ ಹಾಗಿದ್ದವು.

ದವಾಖಾನೆಯಲ್ಲಿ ಇಷ್ಟು ವರ್ಷ ಕಳೆದವಳಿಗೆ ಪಾಲಿಸಿ ಅಂದರೇನು ಎಂದು ದುರ್ಗೇಶ ಹೇಳಿಕೊಡುವ ಜರೂರು ಇರಲಿಲ್ಲ. ಆದರೂ ಅವನು ಹೇಳಿಕೊಟ್ಟ. ಬಾಟಲಿಯಿಂದ ಎರಡು ಗುಟುಕು ನೀರು ಕುಡಿದು, ಅರ್ಧ ತಾಸು ಹೇಳಿಕೊಟ್ಟ. ರಾಯವ್ವ ಹಿಟ್ಟು ನಾದುತ್ತ ಕೇಳಿದಳು.

"ಮುಗೀತೇನ?" ಅಂದಳು ಕಡೆಗೆ. "ನೋಡು ತಮ್ಮಾ, ಬಿಲ್ಲಿನ ಕಿಡಕಿ ಮುಂದ ಕುಂತವರ ಮಾರಿ ನೋಡಿದ್ರ ನಂಗ ಗೊತ್ತಾಕ್ಕೈತಿ. ಪಾಲಿಸಿ ಇದ್ದವರು ಚಹಾ ಕುಡಕೋತ ಕುಂಡ್ರತಾರ. ಇಲ್ಲದವರು ಫೋನ್ ಹಚ್ಚಿ ಮೊದಲ ಆರಾಮೇನ ಅಂತ ಕೇಳ್ತಾರ, ಆಮ್ಯಾಲ ಎಮ್ಮಿ ಎಷ್ಟಕ್ಕ ಹೊಕ್ಕೈತಿ ಅಂತ ಕೇಳ್ತಾರ."

"ಮತ್ತ ನೀ ಯಾಕ ಮಾಡಿಸಿಲ್ಲ?"

"ನನ್ನ ಕಡೆ ಎಮ್ಮಿನೂ ಇಲ್ಲಲ್ಲ."

ಮಾತು ಅಲ್ಲಿಗೇ ಮುಗಿಯುತ್ತಿತ್ತೇನೋ. ಆದರೆ ಏಪ್ರಿಲ್ ಮೊದಲ ವಾರದಲ್ಲಿ ರಾಯವ್ವ ಮೆಟ್ಟಿಲ ಮೇಲೆ ಬೆಡ್‌ಪ್ಯಾನ್ ಹಿಡಿದುಕೊಂಡೇ ಕೂತುಬಿಟ್ಟಳು. ಮಂಡಿ ಮಡಚಿದ್ದು ಬಿಚ್ಚಲಿಲ್ಲ. ಡಾಕ್ಟರರು ನೋಡಿ, ಮೆತ್ತಗೆ, ಈ ವರ್ಷ ದುಡಿದು ಸಾಕು ಮಾಡ್ರಿ ಮಾವಶಿ ಅಂದರು. ಎಂದಾದರೂ ಒಂದು ದಿನ ಆಪರೇಶನ್ ಬೇಕಾದೀತು ಅಂತಲೂ ಹೇಳಿದರು. ಆ ಸಂಜೆ ದುರ್ಗೇಶ ತರಬೇತಿಯ ಕಾಗದಗಳನ್ನು ಮತ್ತೆ ತೆಗೆದ. ಈ ಸಲ ಬಾಟಲಿ ಮುಟ್ಟಲಿಲ್ಲ.

ಗೋಕಾಕದ ಮಾರ್ಕೆಟ್ಟಿನಲ್ಲಿ ಪಾಲಿಸಿ ಮಾಡಿಸುವ ವೃಷಭನೆಂಬ ಹುಡುಗನಿದ್ದ. ಅಪ್ಪನ ಬಟ್ಟೆ ಅಂಗಡಿಯ ಒಂದು ಮೂಲೆಯಲ್ಲಿ ಟೇಬಲ್ಲು, ಲ್ಯಾಪ್‌ಟಾಪು. ರಾಯವ್ವ ಅವನನ್ನು ನೋಡಿದವಳೇ, "ನೀವು ಶಾಂತಿನಾಥ ಅವರ ಮಗಾ ಅಲ್ಲೇನ್ರಿ? ಹುಟ್ಟಿದಾಗ ಭಾಳ ಚೀರಿದ್ರಿ" ಅಂದಳು. ವೃಷಭ ಕುರ್ಚಿ ಸರಿಸಿ ಕೊಟ್ಟ.

ಅವನು ಹೇಳಿದ್ದು ಸರಳವಾಗಿತ್ತು. ಅರವತ್ತು ತುಂಬುವ ಮೊದಲು ಸೇರಿದರೆ ಆ ಕಂಪನಿ ಪೂರ್ತಿ ಬಿಲ್ಲು ಕೊಡುತ್ತದೆ. ಅರವತ್ತರ ನಂತರ ಸೇರಿದರೆ ಕಂತೂ ಹೆಚ್ಚು, ಪ್ರತಿ ಬಿಲ್ಲಿನಲ್ಲಿ ನೂರಕ್ಕೆ ಮೂವತ್ತು ನಾವೇ ಹಾಕಬೇಕು, ಬದುಕಿರುವವರೆಗೆ. ಆಧಾರ್ ಕಾರ್ಡಿನ ಪ್ರಕಾರ ರಾಯವ್ವ ಹುಟ್ಟಿದ್ದು ಜೂನ್ ಒಂದು. ಅವಳ ಓರಗೆಯವರೆಲ್ಲ ಹುಟ್ಟಿದ್ದೂ ಜೂನ್ ಒಂದೇ. ಸಾಲಿಗೆ ಹೆಸರು ಹಚ್ಚಿದ ಮಾಸ್ತರರು ಇಡೀ ಊರನ್ನು ಒಂದೇ ದಿನ ಹಡೆದು ಬಿಸಾಕಿದ್ದರು. ಖರೆ ಹುಟ್ಟಿದ ದಿನ ಯಾವುದೋ, ಕಂಪನಿಗೆ ಬೇಕಾದದ್ದು ಜೂನ್ ಒಂದು. ಅಂದರೆ ಮೇ ಮೂವತ್ತೊಂದರೊಳಗೆ ರೊಕ್ಕ ತುಂಬಬೇಕು.

ವೃಷಭ ಬ್ಯಾನಿ-ಕಾಯಿಲೆಗಳ ಪಟ್ಟಿ ತೆಗೆಯುವಷ್ಟರಲ್ಲಿ ದುರ್ಗೇಶ ದೊಡ್ಡವ್ವನ ಕಿವಿಯ ಹತ್ತಿರ ಬಾಗಿದ. "ಬಿಪಿ ಗುಳಿಗಿ ಸುದ್ದಿ ತಗೀಬ್ಯಾಡ. ಮಂಡಿದ್ದೂ ಬ್ಯಾಡ." ಅವನ ತಲೆಯೊಳಗೆ ಇದು ಕನ್ಯಾ ತೋರಿಸುವ ಕೆಲಸವೇ. ಅವನ ಅಕ್ಕನನ್ನು ನೋಡಲು ಬಂದ ದಿನ ಮನೆಯವರು ಅವಳ ಚಾಳೀಸನ್ನು, ಆ ದಪ್ಪ ಕನ್ನಡಕವನ್ನು, ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದರು. ಅಕ್ಕ ಚಹಾದ ತಾಟನ್ನು ವರನನ್ನು ದಾಟಿಸಿ ವರನ ಕಾಕಾನ ಮುಂದೆ ಹಿಡಿದು ನಾಚಿ ನಿಂತಿದ್ದಳು. ಆದರೂ ಮದುವೆ ಆಗಿತ್ತಲ್ಲ.

ರಾಯವ್ವ ಅವನನ್ನು ಕೈಯಿಂದ ಅತ್ತ ಸರಿಸಿದಳು. "ಬರ್ಕೋರಿ. ಬಿಪಿ, ಹನ್ನೊಂದು ವರ್ಷ. ಎಡಗಾಲ ಮಂಡಿ ನಾಲ್ಕು ವರ್ಷ ಆತು, ಬಲಗಾಲದ್ದು ಎರಡು. ಹಲ್ಲಿಂದೂ ಬರ್ಕೋತೀರೇನ?"

"ಹಲ್ಲ ಬ್ಯಾಡ್ರಿ ಮಾವಶಿ."

ಇಪ್ಪತ್ತೊಂದು ಸಾವಿರದ ಒಂಬೈನೂರಿದ್ದ ವರ್ಷದ ಕಂತು ಇಪ್ಪತ್ನಾಲ್ಕು ಸಾವಿರದ ಆರುನೂರಕ್ಕೆ ಹೋಯಿತು. ಹೊರಗೆ ಬಂದ ಮೇಲೆ ದುರ್ಗೇಶ ಗೊಣಗಿದ: "ಎರಡ ಸಾವಿರದ ಏಳನೂರು. ಬರೇ ಖರೆ ಹೇಳಿದ್ದಕ್ಕ."

"ಸುಳ್ಳ ಬರದು ಬಿಲ್ಲ ಹೊಳ್ಳಿ ಬಂದವರು ಬೆಂಚಿನ ಮ್ಯಾಲ ಹೆಂಗ ಕುಂತಿರ್ತಾರ ನೋಡೇನಿ ನಾ," ಅಂದಳು ರಾಯವ್ವ. "ಅಗ್ಗ ಆತು ಬಿಡು."

ಅವಳಿಗೆ ಒಪ್ಪಿಗೆಯಾಗಿತ್ತು. ಅದೇ ದೊಡ್ಡದು ಅಂದುಕೊಂಡ ದುರ್ಗೇಶ. ಹಿಟ್ಟಿನ ಡಬ್ಬಿಯ ಹಿಂದಿನ ಸ್ಟೀಲಿನ ಡಬ್ಬಿಯಲ್ಲಿ ಇಪ್ಪತ್ತೊಂದು ಸಾವಿರದ ಮೇಲೆ ಇತ್ತು. ನಡುವೆ ಅವಳ ಇನ್ನೊಂದು ಪಗಾರ ಬರುವುದಿತ್ತು. ಲೆಕ್ಕ ಬಾಯಿಬಿಟ್ಟು ನಗುತ್ತಿತ್ತು.

ಅವನು ಮರೆತದ್ದು ಏನೆಂದರೆ, ಅದು ಲಗ್ನದ ಸೀಜನ್ನು.

ಮುಯ್ಯಿ ಗೊತ್ತಿಲ್ಲದವರು ಈ ಕಡೆ ಯಾರೂ ಇಲ್ಲ. ನಿಮ್ಮ ಮನೆಯ ಕಾರ್ಯಕ್ಕೆ ನಾನು ನೂರು ಹಾಕಿದರೆ, ನನ್ನ ಮನೆಯ ಕಾರ್ಯಕ್ಕೆ ನೀವು ನೂರಾ ಐವತ್ತು ಹಾಕುತ್ತೀರಿ; ಆಮೇಲೆ ನಾನು ಇನ್ನೂರು. ತಿರುಗಿ ಕೊಡುವಾಗ ಮೇಲೊಂದಿಷ್ಟು ಇರಲೇಬೇಕು. ಆ ಮೇಲಿನದ್ದೇ ನಂಟಿನ ಕೊಂಡಿ. ಎಷ್ಟು ಬಂದಿತ್ತೋ ಬರೋಬ್ಬರಿ ಅಷ್ಟೇ ತಿರುಗಿ ಕೊಟ್ಟರೆ, ನಿಮಗೂ ನಮಗೂ ತೀರಿತು ಎಂದರ್ಥ. ಜಗಳವಾಡದೆ ಸಂಬಂಧ ಕಡಿಯುವ ಮರ್ಯಾದಸ್ತರ ದಾರಿ ಅದು. ಈ ಕಡೆಯ ಮನುಷ್ಯನಾಗಿ ಇದು ದುರ್ಗೇಶನಿಗೂ ಗೊತ್ತಿತ್ತು. ಆದರೆ ತರಬೇತಿಯಲ್ಲಿ ಇದರ ಮೇಲೆ ಪಾಠ ಇರಲಿಲ್ಲ.

ರಾಯವ್ವ ಇಪ್ಪತ್ತಾರು ವರ್ಷದಿಂದ ಮುಯ್ಯಿ ಹಾಕುತ್ತ ಬಂದವಳು. ಮದುವೆ, ತೊಟ್ಟಿಲು, ಬಸುರಿಯ ಕುಬಸ, ಮನೆ ಒಕ್ಕಲು. ಮೇ ಬಂತೆಂದರೆ ದವಾಖಾನೆಯ ಸೀರೆ ಬಿಚ್ಚಿ ಜರಿಯಂಚಿನ ಸೀರೆ ಉಟ್ಟು, ಲಕೋಟೆ ಹಿಡಿದು, ಒಂದು ದಿನ ಹುಕ್ಕೇರಿ, ಮರುದಿನ ಮೂಡಲಗಿ. ಬರೆಯಲು ಬಾರದ ಅವಳ ಪಟ್ಟಿಯನ್ನು ಆಯಾ ಕಾಲದ ಸಾಲಿ ಹುಡುಗರು ಬರೆದುಕೊಟ್ಟಿದ್ದರು. ಕಳೆದ ಹತ್ತು ವರ್ಷದ್ದು ದುರ್ಗೇಶನ ಅಕ್ಷರ. ಮೇ ತಿಂಗಳ ಒಂದು ರವಿವಾರ, ಪಗಾರ ಬಂದ ಮೇಲೂ ಡಬ್ಬಿಯಲ್ಲಿ ಹದಿನೈದು ಸಾವಿರದ ಐನೂರು ಮಾತ್ರ ಉಳಿದದ್ದನ್ನು ನೋಡಿ, ಅವನು ಆ ಪಟ್ಟಿಯನ್ನೆಲ್ಲ ಕಂಪ್ಯೂಟರಿಗೆ ಹಾಕಿ ಕೂಡಿಸಿದ. ಮುನ್ನೂರ ಎಂಬತ್ತೇಳು ಕಾರ್ಯ. ತೊಂಬತ್ತಾರು ಸಾವಿರದ ಚಿಲ್ಲರೆ.

"ದೊಡ್ಡವ್ವ, ಇದನ್ನ ಪೋಸ್ಟಿನಾಗ ಇಟ್ಟಿದ್ರ ಇವತ್ತ ಎರಡೂವರಿ ಲಕ್ಷ ಆಕ್ಕಿತ್ತು."

"ಪೋಸ್ಟಿನವರು ಮದಿವ್ಯಾಗ ಹೋಳಗಿ ನೀಡ್ತಿದ್ರೇನ?"

"ನಗಬ್ಯಾಡ. ಮಂದಿ ಮುಯ್ಯಿ ಹಾಕ್ತಾರ, ತಮ್ಮ ಮಕ್ಕಳ ಮದಿವ್ಯಾಗ ತಿರುಗಿ ಬರ್ತೈತಿ. ನಿನಗ ಮಗಾ ಇಲ್ಲ, ಮಗಳಿಲ್ಲ. ಇದು ಅವಧಿನ ಮುಗೀಲಾರದ ಠೇವಣಿ. ಕಂತ ಕಟ್ಟಾಕತ್ತೀ ಅಷ್ಟ."

ರಾಯವ್ವ ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಹುಕ್ಕೇರಿಯಲ್ಲಿ ಇಪ್ಪತ್ತೊಂಬತ್ತಕ್ಕೆ ತನ್ನ ಹಳೆಯ ನೆರೆಯವಳು ಭರಮವ್ವನ ಮೊಮ್ಮಗಳು ದೀಪಾಳ ಮದುವೆ ಇದೆ, ಅದಕ್ಕೆ ಸಾವಿರದ ಒಂದು ಹಾಕಬೇಕು ಅಂತ ಮಾತ್ರ ಹೇಳಿದಳು.

ಆಗ ದುರ್ಗೇಶ ತನ್ನ ಬಾಳಿನ ಅತ್ಯಂತ ಜಾಣ ಕೆಲಸ ಮಾಡಿದ. ಸೋಮವಾರ ಸಂಘದಲ್ಲಿ ಊಟದ ಬಿಡುವಿನಲ್ಲಿ ಕೂತು, ಪಟ್ಟಿಯೊಳಗಿನವರಲ್ಲಿ ಎಂಬತ್ನಾಲ್ಕು ಜನರ ಫೋನ್ ನಂಬರು ಹುಡುಕಿ, ಪ್ರತಿಯೊಬ್ಬರಿಗೂ ಒಂದು ಸಂದೇಶ ತಯಾರು ಮಾಡಿದ. ಬರವಣಿಗೆಗೆ ಹೆಚ್ಚು ತ್ರಾಸು ತಗೊಳ್ಳಲಿಲ್ಲ. ಸಂಘದ ಸಾಲಗಾರರಿಗೆ ಹೋಗುವ ತಿಳಿವಳಿಕೆ ಪತ್ರ ಕಂಪ್ಯೂಟರಿನಲ್ಲಿ ಇದ್ದೇ ಇತ್ತು. ಭರಮವ್ವನ ಮಗ ಶೆಟ್ಟೆಪ್ಪನಿಗೆ ಹೋದದ್ದು ಹೀಗಿತ್ತು:

"ಸನ್ಮಾನ್ಯರೇ, 2011ರ ಮೇ ತಿಂಗಳಲ್ಲಿ ತಮ್ಮ ತಂಗಿ ಕಾಶೆವ್ವ ಇವರ ಮದುವೆ ಕಾರ್ಯಕ್ಕೆ ಶ್ರೀಮತಿ ರಾಯವ್ವ ಇವರಿಂದ ಸಂದಾಯವಾದ ಮುಯ್ಯಿ ರೂ. 251 ಇದ್ದು, ಅವರ ಮಂಡಿ ಬೇನೆ ಹಾಗೂ ವೈದ್ಯಕೀಯ ವಿಮೆಯ ಅಗತ್ಯದ ಪ್ರಯುಕ್ತ ಸದರಿ ಮೊತ್ತವನ್ನು ಇದೇ ತಿಂಗಳ 25ರೊಳಗಾಗಿ ಮರಳಿಸಿ ಸಹಕರಿಸಲು ಕೋರಿದೆ."

ಕೆಳಗೆ ರೊಕ್ಕ ಹಾಕಲು ಸ್ಕ್ಯಾನ್ ಮಾಡುವ ಚೌಕ.

ರೊಕ್ಕ ಬಂತು. ಅದೇ ಅವನಿಗೆ ಆಶ್ಚರ್ಯ. ನಾಲ್ಕು ದಿನದಲ್ಲಿ ಮೂವತ್ತೊಂದು ಜನ ಹಾಕಿದರು. ಒಂಬತ್ತು ಸಾವಿರದ ನೂರಾ ನಲವತ್ತು. ಡಬ್ಬಿಯದ್ದೂ ಕೂಡಿದರೆ ಕಂತಿಗೆ ಸಾಕಾಗಿ ನಲವತ್ತು ರೂಪಾಯಿ ಉಳಿಯುತ್ತಿತ್ತು. ಆ ನಲವತ್ತರಲ್ಲಿ ದುರ್ಗೇಶ ಒಂದು ಪ್ಲೇಟ್ ಚುರುಮುರಿ ಗಿರ್ಮಿಟ್ ತಿಂದ. ಸಂಘದಲ್ಲಿ ಸಾಲ ವಸೂಲಿಯವರು ವರ್ಷಗಟ್ಟಲೆ ತಿರುಗಿದರೂ ಬಾರದ್ದು, ತನಗೆ ನಾಲ್ಕೇ ದಿನದಲ್ಲಿ ಬಂತಲ್ಲ ಎಂದು ಎದೆ ಉಬ್ಬಿತು.

ಐದನೇ ದಿನ ರಾಯವ್ವ ಬೆಳಿಗ್ಗೆ ಏಳರ ಬಸ್ಸಿನಲ್ಲಿ ಕೂತಾಗ, ಹಿಂದಿನ ಸೀಟಿನ ನಂದಿನಿ, ಗಿರಣಿ ಲೈನಿನ, ಅಂದರೆ ಕೂಲಿಗಾರರ ಮನೆಸಾಲಿನ ಸೊಸೆ, ಮುಂದೆ ಬಾಗಿ ಕೇಳಿದಳಂತೆ: "ಏನಬೇ ರಾಯವ್ವಕ್ಕಾ, ಬಾಕಿ ಮುಟ್ಟತಿಲ್ಲ? ನಮ್ಮಾವ್ರು ಬುಧವಾರನ ಹಾಕ್ಯಾರ."

ಸಂಜೆ ರಾಯವ್ವ ಮನೆಗೆ ಬಂದು ಚಪ್ಪಲಿ ಬಿಟ್ಟು, ಮುಖ ತೊಳೆದು, ಚಹಾಕ್ಕಿಟ್ಟು, ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಎಷ್ಟ ಮಂದಿ ಹಾಕ್ಯಾರ?"

"ಮೂವತ್ತೊಂದ."

"ಎಷ್ಟೆಷ್ಟ?"

"ನೀ ಎಷ್ಟ ಹಾಕಿದ್ದಿ ಅಷ್ಟ. ಒಂದ ಪೈಸಾ ಕಮ್ಮಿ ಇಲ್ಲ."

"ಹೆಚ್ಚಿಗಿ?"

ದುರ್ಗೇಶ ಫೋನು ತೆಗೆದು ನೋಡಿದ. ಪಟ್ಟಿಯನ್ನು ಕೆಳಗಿನವರೆಗೆ ಸರಿಸಿದ. "ಹೆಚ್ಚಿಗಿ ಯಾರೂ ಹಾಕಿಲ್ಲ."

"ಮೂವತ್ತೊಂದ ಮನಿ ಬಾಗಲಾ ಹಾಕಿದ್ವು," ಅಂದಳು ರಾಯವ್ವ.

ಅವಳು ಸಿಟ್ಟು ಮಾಡಿದ್ದರೆ ಅವನಿಗೆ ಹಗುರಾಗುತ್ತಿತ್ತು. ಅವಳು ಚಹಾ ಸೋಸಿ ಅವನ ಮುಂದೆ ಇಟ್ಟಳು. ಆಮೇಲೆ ಹೇಳಿದಳು: "ನಿಮ್ಮ ದೊಡ್ಡಪ್ಪ ದವಾಖಾನ್ಯಾಗ ಹತ್ತೊಂಬತ್ತು ದಿನ ಇದ್ದಾ. ಆ ಬಿಲ್ಲ ಯಾವ ಕಂಪನಿ ಕಟ್ಟತು? ಭರಮವ್ವ ಲೈನಿನ ಮನಿಮನಿಗೆ ಸೆರಗ ಒಡ್ಡಿ ತಂದ್ಲು. ಹೆಣಾ ಬಿಡಿಸಿಕೊಂಡು ಬಂದದ್ದು ಆ ರೊಕ್ಕದಾಗ. ಅದನ್ನ ತಿರುಗಿ ಕೊಡಾಕ ಬರ್ತೈತೇನ? ಹೆಣದ ರೊಕ್ಕ ಹೊಳ್ಳಿ ಯಾರೂ ತಗೋಳೂದಿಲ್ಲ. ಅದಕ್ಕ ಅವರ ಮದಿವಿ, ತೊಟ್ಟಲಾ ಬಂದಾಗೊಮ್ಮಿ ಹಾಕೋತ ಬಂದೇನಿ."

ದುರ್ಗೇಶ ಚಹಾ ಮುಟ್ಟಲಿಲ್ಲ.

"ಮತ್ತ ನನಗ ಕಾರ್ಯ ಇಲ್ಲ ಅಂದೆಲ್ಲ. ನೀ ಹತ್ತನೇತ್ತೆ ಇದ್ದಾಗ ನಿಮ್ಮವ್ವನ ಕಡೆ ಮಾತ ತಗೊಂಡೇನಿ, ನಿನ್ನ ಮದಿವಿ ಹಂದರಾ ಇದ ಬಾಗಲ ಮುಂದ ಹಾಕೂದಂತ. ಆ ಮುಯ್ಯಿ ಎಲ್ಲಾ ಅವತ್ತ ಬರೂದಿತ್ತು. ಕುಡಿ, ಆರತೈತಿ."

ಹೀಗೆ ದುರ್ಗೇಶನಿಗೆ ತಾನು ಮುರಿಸಿದ ಠೇವಣಿ ಯಾರ ಹೆಸರಿನಲ್ಲಿತ್ತೆಂದು ತಿಳಿಯಿತು. ಅವಧಿಗೆ ಮೊದಲೇ ಮುರಿಸಿದರೆ ಬಡ್ಡಿ ಹೋಗುತ್ತದೆ ಎಂದು ದಿನಾ ಹತ್ತು ಜನರಿಗೆ ಕೌಂಟರಿನಲ್ಲಿ ಹೇಳುವವನು ಅವನೇ.

ಮುಂದಿನದು ಏನು ಅನ್ನುವುದನ್ನು ರಾಯವ್ವ ಆ ಸಂಜೆಯೇ ತೀರ್ಮಾನಿಸಿದ್ದಳು. ಬಂದ ರೊಕ್ಕ ಬಂದ ಮನೆಗೇ ಹೋಗಬೇಕು, ಮೇಲೆ ಹನ್ನೊಂದು ರೂಪಾಯಿ ಇಟ್ಟು. ಫೋನಿನಲ್ಲಿ ಅಲ್ಲ, ಕೈಯಲ್ಲಿ.

"ಮೂವತ್ತೊಂದು ಮನಿಗಾ? ನಿನ್ನ ಮಂಡಿ?"

"ಮಂಡಿ ನಂದು. ಬಾಯಿ ನಿಂದು. ಹೋದಲ್ಲೆಲ್ಲಾ ತಪ್ಪಾತು ಅನ್ನಾಂವ ನೀ."

ಮೂರು ರವಿವಾರ ಉಳಿದಿರಲಿಲ್ಲ. ಎರಡು ರವಿವಾರ, ಜೊತೆಗೆ ಸುಳ್ಳು ಕಾರಣ ಹೇಳಿ ಹಾಕಿದ ಒಂದು ದಿನದ ರಜೆ. ಬಸ್ಸಿನಲ್ಲಿ ರಾಯವ್ವನ ಟಿಕೀಟು ಪುಕ್ಕಟೆ; ದುರ್ಗೇಶನ ಟಿಕೀಟು ಅವನ ದಂಡ. ಮೂಡಲಗಿಯಲ್ಲಿ ಮೊದಲ ಮನೆಯವರು ಒಳಗೆ ಕರೆದು ನೀರು ಕೊಟ್ಟು, ನಕ್ಕು ಬಿಟ್ಟುಬಿಟ್ಟರು. ಎರಡನೆಯ ಮನೆಯ ದುಂಡೇಶ, ಲಾರಿ ಡ್ರೈವರ್, ಹನ್ನೊಂದು ರೂಪಾಯಿ ತಿರುವಿ ತಿರುವಿ ನೋಡಿ, "ಇದು ಬಡ್ಡಿ ಏನೋ ತಮ್ಮಾ? ಪಾವತಿ ಚೀಟಿ ಕೊಡ್ತಿಯೇನ?" ಅಂದ. ಒಂದು ಮನೆಯವರು ಬಾಗಿಲಲ್ಲೇ ನಿಲ್ಲಿಸಿದರು. ಇನ್ನೊಂದು ಮನೆಯವರು ಕೂಡ್ರಿಸಿ ಉಣಿಸಿದರು, ಆದರೆ ರೊಕ್ಕ ಮುಟ್ಟಲೊಲ್ಲೆ ಅಂದರು. ರಾಯವ್ವ ಅದನ್ನು ಅವರ ಜಗುಲಿಯ ದೇವರ ಮುಂದೆ ಇಟ್ಟು ಬಂದಳು. ಪ್ರತಿ ಮನೆಯಲ್ಲೂ ದುರ್ಗೇಶ ತಪ್ಪಾತ್ರಿ ಅಂದ. ಹತ್ತನೇ ಮನೆಗೆ ಅದು ಬಾಯಿಪಾಠವಾಯಿತು, ಇಪ್ಪತ್ತನೇ ಮನೆಗೆ ಖರೆ ಆಯಿತು.

ಹುಕ್ಕೇರಿಯ ಭರಮವ್ವನ ಮನೆಯನ್ನು ಅವಳು ಕಡೆಗೆ ಇಟ್ಟುಕೊಂಡಿದ್ದಳು. ಭರಮವ್ವ ಅಂದರೆ ಗಿರಣಿ ಲೈನಿನಲ್ಲಿ ಗೋಡೆಗೆ ಗೋಡೆ ಹಚ್ಚಿ ಇದ್ದವಳು. ಗಂಡನ ನೌಕರಿ ಮುಗಿದ ಮೇಲೆ ಮಗನ ಜೊತೆ ಹುಕ್ಕೇರಿಗೆ ಬಂದಿದ್ದಳು. ಪ್ರತಿ ಸೋಮವಾರ ರಾಯವ್ವನಿಗೆ ಫೋನ್ ಹಚ್ಚುವವಳು, ಎರಡು ಸೋಮವಾರದಿಂದ ಹಚ್ಚಿರಲಿಲ್ಲ.

ಅಂಗಳದಲ್ಲಿ ಹಂದರದ ಗಳ ನಿಲ್ಲಿಸುತ್ತಿದ್ದ ಶೆಟ್ಟೆಪ್ಪ ಅವರನ್ನು ನೋಡಿ ಗಳ ಬಿಟ್ಟು ಕೈ ಮುಗಿದ. "ಬರ್ರಿ ಬರ್ರಿ, ವಸೂಲಿ ಸಾಹೇಬ್ರ. ಇನ್ನೂರಾ ಐವತ್ತೊಂದ ಕಟ್ಟೇನ್ರೀ. ಮತ್ತೇನರ ಜಪ್ತಿ ಇತ್ತೇನ್ರಿ? ಹಿತ್ತಲದಾಗ ಒಂದ ಎಮ್ಮಿ ಐತಿ. ಹಾಯತೈತಿ, ಸ್ವಲ್ಪ ದೂರ ನಿಂತ ಜಪ್ತಿ ಮಾಡ್ರಿ."

"ತಪ್ಪಾತ ಮಾಮಾ," ಅಂದ ದುರ್ಗೇಶ.

"ಮಾಮಾ ಅಂತಿಯೇನ? ಸನ್ಮಾನ್ಯರೇ ಅಂದಿದ್ದೆಲ್ಲ. ಮದಿವಿ ಮನ್ಯಾಗ ಇಪ್ಪತ್ತು ಮಂದಿ ಮುಂದ ಓದಿಸಿದ್ನಿ ಅದನ್ನ. ಸದರಿ ಮೊತ್ತ ಅಂತ. ನಮ್ಮವ್ವಗ ಸದರಿ ಅಂದ್ರೇನ ಅಂತ ಹೇಳೂತನ ನನಗ ಸಾಕಾತು."

ಭರಮವ್ವ ಒಳಗೆ ಅಕ್ಕಿ ಹಸನ ಮಾಡುತ್ತಿದ್ದಳು. ಮೊರದಿಂದ ತಲೆ ಎತ್ತಲಿಲ್ಲ. ರಾಯವ್ವ ಗೋಡೆ ಹಿಡಿದು, ನೋವಿಗೆ ಹಲ್ಲು ಕಚ್ಚಿ, ಅವಳೆದುರು ನೆಲಕ್ಕೆ ಕೂತಳು. ಸೆರಗಿನ ಗಂಟು ಬಿಚ್ಚಿ ಇನ್ನೂರಾ ಅರವತ್ತೆರಡು ರೂಪಾಯಿ ಮೊರದ ಅಂಚಿಗೆ ಇಟ್ಟಳು.

"ಕಳಿಸಬ್ಯಾಡ ಅಂದ್ನಿ ಇಂವಗ," ಅಂದಳು ಭರಮವ್ವ, ಮಗನನ್ನು ಕುರಿತು, ಮೊರ ನೋಡುತ್ತಲೇ. "ಸಿಟ್ಟಿಗೆದ್ದ ಕಳಿಸಿದಾ. ಹುಡುಗರ ಕೈಯಾಗ ಫೋನ ಕೊಟ್ಟ ಮ್ಯಾಲ ಮುಗೀತು."

"ನನ್ನ ಹುಡುಗನೂ ಅಷ್ಟ."

"ನಿನ್ನ ಮಂಡಿ ಇಷ್ಟ ಆಗೇತಿ ಅಂತ ನನಗ್ಯಾಕ ಹೇಳಲಿಲ್ಲ? ಅಂವ ಕಳಿಸಿದ ಕಾಗದದಾಗ ಓದಿ ತಿಳಕೋಬೇಕೇನ ನಾ?"

ರಾಯವ್ವ ಮೊರದೊಳಗಿನ ಒಂದು ಹರಳು ಆರಿಸಿ ತೆಗೆದಳು. ಭರಮವ್ವ ರೊಕ್ಕ ತಗೊಂಡು ಹಣೆಗೆ ಒತ್ತಿ ಕುಬಸದೊಳಗೆ ಇಟ್ಟುಕೊಂಡಳು. "ಶುಕ್ರವಾರ ಮದಿವಿ. ನಸಿಕಿನ್ಯಾಗ ಬಾ. ಅರಿಷಿಣ ನೀನ ಹಚ್ಚಾಕಿ, ಗಂಡ ಇಲ್ಲದಾಕಿ ಅಂತ ಯಾರ ಅಂತಾರ ನಾ ನೋಡ್ತೇನಿ," ಅಂದಳು. ಹೊರಗೆ ಶೆಟ್ಟೆಪ್ಪ ದುರ್ಗೇಶನ ಕೈಗೆ ಗಳ ಕೊಟ್ಟಿದ್ದ. ಅವನು ಸಂಜೆಯವರೆಗೆ ಹಂದರ ಹಾಕಿದ. ಬೇರೆಯವರ ಮನೆಯ ಮುಂದೆ.

ಬಸ್ಸಿನಲ್ಲಿ ತಿರುಗಿ ಬರುವಾಗ ಲೆಕ್ಕ ಮತ್ತೆ ಮುಂದೆ ಬಂದು ಕೂತಿತು. ಡಬ್ಬಿಯಲ್ಲಿ ಹದಿನೈದು ಸಾವಿರದ ಆಸುಪಾಸು. ಕಂತಿಗೆ ಒಂಬತ್ತೂವರೆ ಸಾವಿರ ಕಮ್ಮಿ. ದಿನ ಉಳಿದದ್ದು ಐದು. ದುರ್ಗೇಶ ಹಿಂದಿನ ದಿನವೇ ಮ್ಯಾನೇಜರರ ಮುಂದೆ ನಿಂತು, ಸಂಘದ ಪತ್ರವನ್ನು ಸ್ವಂತ ಕೆಲಸಕ್ಕೆ ಬಳಸಿದ್ದಕ್ಕೆ ಬೈಸಿಕೊಂಡು, ಬೈದವರ ಕಡೆಯಿಂದಲೇ ಒಂಬತ್ತೂವರೆ ಸಾವಿರ ಮುಂಗಡ ಪಗಾರ ಬೇಡಿ ತಂದಿದ್ದ. ಅದನ್ನು ಈಗ ತೆಗೆದು ಕೊಟ್ಟ.

"ಇದೇನ?" ಅಂದಳು ರಾಯವ್ವ. "ದಂಡ ಅಂತ ಕೊಡಾಕತ್ತಿದ್ರ ನಾ ಒಲ್ಲೆ."

"ದಂಡ ಅಲ್ಲ. ಹತ್ತ ವರ್ಷ ನಿನ್ನ ಮನ್ಯಾಗ ಉಂಡೇನಿ."

"ಆ ಪಟ್ಟಿ ತಗದ್ರ ನಿನ್ನ ಬೈಕ್ ಮಾರಿದ್ರೂ ತೀರೂದಿಲ್ಲ." ಆದರೆ ತಗೊಂಡಳು. ಎಣಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಕಿಟಕಿಯ ಕಡೆ ನೋಡುತ್ತ, "ಮತ್ತ ದೀಪಾನ ಮದಿವಿಗೆ?" ಅಂತ ಕೇಳಿದಳು.

ದುರ್ಗೇಶನ ಹತ್ತಿರ ಇನ್ನೇನೂ ಇರಲಿಲ್ಲ. ಡಬ್ಬಿಯದ್ದರಲ್ಲಿ ಸಾವಿರ ತೆಗೆದರೆ ಕಂತು ತುಂಬುವುದಿಲ್ಲ. ಸಾಲ ತಂದು ಮುಯ್ಯಿ ಹಾಕುವುದು ಅವಳಿಗೆ ಒಗ್ಗದ ಮಾತು. ಸಾಲದ ಮುಯ್ಯಿ ಮದುಮಗಳಿಗೆ ಒಳ್ಳೆಯದಲ್ಲ ಎನ್ನುವವಳು. ಐವತ್ತೊಂದು ಹಾಕಿದರೆ ಹಾಕದಿದ್ದದ್ದಕ್ಕಿಂತ ಕಡೆ. 

ಶುಕ್ರವಾರ ನಸುಕಿನಲ್ಲಿ ರಾಯವ್ವ ಹೋದಳು. ದೀಪಾಳಿಗೆ ಅರಿಷಿಣ ಹಚ್ಚಿದಳು, ಕೂತಲ್ಲೇ ಐವತ್ತು ಹೋಳಿಗೆಗೆ ಹೂರಣ ಕಟ್ಟಿದಳು. ದುರ್ಗೇಶ ಹನ್ನೊಂದಕ್ಕೆ ಮುಟ್ಟಿದ. ಅಕ್ಕಿಕಾಳು ಬಿದ್ದ ಮೇಲೆ ಮುಯ್ಯಿ ಬರೆಯುವ ಟೇಬಲ್ಲಿನ ಮುಂದೆ ಸಾಲು ಹತ್ತಿತು. ಬರೆಯುತ್ತಿದ್ದವನು ಶೆಟ್ಟೆಪ್ಪನ ತಮ್ಮನ ಮಗ ಸುಶಾಂತ. ಟೇಬಲ್ಲಿನ ಅಂಚಿಗೆ ಸ್ಕ್ಯಾನ್ ಮಾಡುವ ಚೌಕವನ್ನೂ ಅಂಟಿಸಿದ್ದರು, ಸುತ್ತಲೂ ಚೆಂಡುಹೂವು ಇಟ್ಟು. ಅದನ್ನು ನೋಡಿ ದುರ್ಗೇಶ ಬೇರೆ ಕಡೆ ಮುಖ ತಿರುಗಿಸಿದ. ತಾನು ಮಾಡಿದ್ದಕ್ಕೂ ಇದಕ್ಕೂ ಎಷ್ಟು ಅಂತರ ಎನ್ನುವುದನ್ನು ಈಗ ಯಾರೂ ಹೇಳಿಕೊಡಬೇಕಿರಲಿಲ್ಲ: ಅವರು ಕೇಳಿರಲಿಲ್ಲ, ಇಟ್ಟಿದ್ದರು ಅಷ್ಟೇ.

ರಾಯವ್ವ ಸಾಲಿನಲ್ಲಿ ನಿಂತಿದ್ದಳು. ಹಿಂದಿನಿಂದ ಜಾರಿಕೊಂಡು ಹೋಗಬಹುದಿತ್ತು. ಇಷ್ಟು ಗದ್ದಲದಲ್ಲಿ ಯಾರು ನೋಡುತ್ತಾರೆ. ಅವಳು ನಿಂತಳು. ಅವಳ ಪಾಳಿ ಬಂತು.

"ದೊಡ್ಡಾಯಿ, ಎಷ್ಟ ಬರೀಲಿ?" ಅಂದ ಸುಶಾಂತ, ಪೆನ್ನು ಹಿಡಿದು.

"ಈ ಸಲ ಇಲ್ಲೋ ಯಪ್ಪಾ." ಧ್ವನಿ ಸಣ್ಣದಾಗಿರಲಿಲ್ಲ. "ದವಾಖಾನಿ ಪಾಲಿಸಿಗೆ ತುಂಬೂದೈತಿ. ಕೈ ಖಾಲಿ ಐತಿ. ಹೇಳಿ ಹೋಗೂನು ಅಂತ ನಿಂತ್ನಿ."

ಸಾಲಿನಲ್ಲಿದ್ದವರು ಮುಂದೆ ಬಾಗಿ ನೋಡಿದರು. ಸುಶಾಂತ ಪೆನ್ನನ್ನು ಎತ್ತಿದ, ಇಳಿಸಿದ. ಮುಂದಿನವರನ್ನು ಕರೆಯಬೇಕೋ ಹೇಗೋ ತಿಳಿಯದೆ ಅತ್ತಿತ್ತ ನೋಡಿದ. ದುರ್ಗೇಶನಿಗೆ ಟೇಬಲ್ಲಿನ ಕೆಳಗೆ ಹೋಗಿ ಕೂಡ್ರಬೇಕೆನ್ನಿಸಿತು.

ಹಂದರದ ಕಂಬದ ಹತ್ತಿರ ಎಲೆಅಡಿಕೆ ಹಂಚುತ್ತಿದ್ದ ಭರಮವ್ವ ಅಲ್ಲಿಂದಲೇ ಅಂದಳು: "ಹೆಸರ ಬರಿಯೋ."

"ಹೆಸರ ಬರದೇನಿ, ಆಯಿ. ಮುಂದ ಏನ ಬರೀಲಿ?"

"ಬಂದಾಳ ಅಂತ ಬರಿ."

ಸುಶಾಂತ ಬರೆದ. ಎಲ್ಲರೂ ಅಂಕಿ ಇದ್ದ ಕಡೆ, ರಾಯವ್ವ, ಗೋಕಾಕ ಫಾಲ್ಸ್, ಬಂದಾಳ. ಹಿಂದೆ ನಿಂತಿದ್ದ ಹೆಂಗಸೊಬ್ಬಳು, "ಭರಮವ್ವಕ್ಕ, ನಾನೂ ಬಂದೇನಿ ಅಂತಷ್ಟ ಬರಸ್ಲೇನ?" ಅಂದಳು. "ನೀ ಅರಿಷಿಣ ಹಚ್ಚಿಯೇನ? ರೊಕ್ಕ ತಗಿ" ಅಂದಳು ಭರಮವ್ವ. ಸಾಲು ನಕ್ಕಿತು, ಮುಂದೆ ಸರಿಯಿತು. ರಾಯವ್ವ ಊಟಕ್ಕೆ ಕೂತಾಗ ಅವಳ ಎಲೆಗೆ ಶೆಟ್ಟೆಪ್ಪನೇ ಬಂದು ತುಪ್ಪ ಬಡಿಸಿದ. ದುರ್ಗೇಶನ ಎಲೆಗೂ ಬಡಿಸಿದ, ಸನ್ಮಾನ್ಯರೇ ಅಂತ ಕರೆದು.

ಮೇ ಮೂವತ್ತಕ್ಕೆ, ಗಡುವಿಗೆ ಒಂದು ದಿನ ಇರುವಾಗ, ಇಬ್ಬರೂ ವೃಷಭನ ಟೇಬಲ್ಲಿನ ಮುಂದೆ ಕೂತರು. ನೋಟುಗಳಲ್ಲಿ ಹಿಟ್ಟಿನ ವಾಸನೆ ಇತ್ತು. ವೃಷಭ ಎರಡು ಸಲ ಎಣಿಸಿ ಅಪ್ಪನ ಗಲ್ಲಾಪೆಟ್ಟಿಗೆಗೆ ಹಾಕಿ, ತನ್ನ ಖಾತೆಯಿಂದ ಕಂಪನಿಗೆ ಕಟ್ಟಿದ. ಸ್ವಲ್ಪ ಹೊತ್ತಿಗೆ ದುರ್ಗೇಶನ ಫೋನಿಗೆ ಸಂದೇಶ ಬಂತು.

"ಆತ್ರಿ ಮಾವಶಿ. ಇವತ್ತಿನಿಂದ ಚಾಲೂ," ಅಂದ ವೃಷಭ. "ಆದ್ರ ಮಂಡಿ ಆಪರೇಶನ್‌ಗೆ ಮೂರು ವರ್ಷ ತಡೀಬೇಕ್ರಿ. ಮೊದಲ ಇದ್ದ ಬ್ಯಾನಿ ಅಲ್ಲೇನ್ರಿ?"

"ಗೊತ್ತೈತಿ. ಕಾಗದದಾಗ ಐತೆಲ್ಲ, ಅವತ್ತ ಓದಿಸಿ ಕೇಳೇನಿ." ರಾಯವ್ವ ಎರಡೂ ಮಂಡಿಯ ಮೇಲೆ ಅಂಗೈ ಇಟ್ಟುಕೊಂಡಳು. "ಮೂರು ವರ್ಷ ತಡೀರಿ ಅಂತ ಇವಕ್ಕ ನಾ ಹೇಳ್ತೇನಿ. ಇಷ್ಟ ದಿನ ನನ್ನ ಮಾತ ಕೇಳ್ಯಾವ."

ದುರ್ಗೇಶ ಆ ಕಾಗದ ಓದಿರಲಿಲ್ಲ. ಮೂರು ವರ್ಷದ ಮಾತು ಅವನು ಕೇಳಿದ್ದು ಈಗಲೇ. ಮುಖದಲ್ಲಿ ತೋರಗೊಡಲಿಲ್ಲ.

ವೃಷಭ ಅವನ ಕಡೆ ತಿರುಗಿದ. "ನಿಮ್ಮದ ಯಾವ ಕಂಪನಿದೈತ್ರಿ, ಸರ್?"

"ನಂದು..." ಅಂದ ದುರ್ಗೇಶ. ತರಬೇತಿ, ಪ್ರಮಾಣಪತ್ರ, ನಲವತ್ತರ ರಿಟೈರ್‌ಮೆಂಟು ಎಲ್ಲವೂ ಒಂದು ಕ್ಷಣ ಅವನ ಬೆನ್ನ ಹಿಂದೆ ಬಂದು ನಿಂತವು. "ನಂದಿನ್ನೂ ವಿಚಾರ ಮಾಡಾಕತ್ತೇನ್ರಿ."

ರಾಯವ್ವ ಅವನನ್ನು ನೋಡಿದಳು. ಹೆರಿಗೆ ಕೋಣೆಯ ಹೊರಗೆ ಕೈ ಹಿಸುಕುತ್ತ ನಿಂತ ಗಂಡಂದಿರನ್ನು ನೋಡುವ ಹಾಗೆ.

"ಬರ್ಕೋರಿ ವೃಷಭ ಅವ್ರ," ಅಂದಳು. "ದುರ್ಗೇಶ. ವಯಸ್ಸ ಇಪ್ಪತ್ತೆಂಟು. ಬಿಪಿ ಇಲ್ಲ, ಸಕ್ಕರಿ ಇಲ್ಲ. ಬೈಕ್ ಮ್ಯಾಲಿಂದ ಎರಡ ಸಲ ಬಿದ್ದಾನ, ಅದನ್ನೂ ಬರ್ಕೋರಿ."